ಮನೆಯಲ್ಲೇ ಮಾಡಿದ ಟೂತ್‌ಪೇಸ್ಟ್: ರುಚಿಗೆ ಪೂರ್ತಿ ಅಂಕ, ಮಕ್ಕಳ ಹಲ್ಲಿಗೆ ಮಾತ್ರ ಬೇಡ

ಮೊದಲು ಖುಷಿಯ ವಿಷಯ. ಈ ಪೇಸ್ಟ್ ಹಾಕಿ ಹಲ್ಲುಜ್ಜಿದ ತಕ್ಷಣ ಕಿತ್ತಳೆ ಹಣ್ಣು ತಿನ್ನಬಹುದು. ಅಂಗಡಿ ಪೇಸ್ಟ್ ಆದ ಮೇಲೆ ತಿಂದರೆ ಬಾಯೆಲ್ಲ ಕಹಿಯಾಗುತ್ತದೆ ಅಲ್ವಾ? ನೊರೆ ಬರಲಿ ಅಂತ ಹಾಕುವ ಸೋಡಿಯಂ ಲಾರಿಲ್ ಸಲ್ಫೇಟ್ ಅದಕ್ಕೆ ಕಾರಣ. ಸ್ವಲ್ಪ ಹೊತ್ತು ನಾಲಿಗೆಗೆ ಸಿಹಿ ಗೊತ್ತಾಗುವುದಿಲ್ಲ, ಕಹಿ ಜಾಸ್ತಿ ಗೊತ್ತಾಗುತ್ತದೆ. ಮನೆಯ ಪೇಸ್ಟಿನಲ್ಲಿ ಅದಿಲ್ಲ. ಬೆಳಗಿನ ಕಾಫಿಯ ರುಚಿ ಈಗ ಪೂರ್ತಿ ಸಿಗುತ್ತಿದೆ. ಇದೊಂದಕ್ಕೇ ವರ್ಷದ ಮೇಲಾದರೂ ನಾನಿದನ್ನು ಬಿಟ್ಟಿಲ್ಲ.

ಅಡುಗೆ ಸೋಡಾ, ಕೊಬ್ಬರಿ ಎಣ್ಣೆ, ಲವಂಗ, ಕಲ್ಲುಪ್ಪು. ಅಷ್ಟೇ. ಎಣ್ಣೆ ತಿಪಟೂರು ಕಡೆಯ ಗಾಣದ್ದು. ನನಗೆ ಇಷ್ಟವಾದ ಕೆಲಸ ಲವಂಗದ್ದು. ಕಾವಲಿ ಬಿಸಿ ಮಾಡಿ, ಒಲೆ ಆರಿಸಿ, ಆ ಕಾವಿನಲ್ಲೇ ಲವಂಗ ಬೆಚ್ಚಗೆ ಮಾಡುತ್ತೇನೆ. ಮನೆಯೆಲ್ಲ ಘಮ ಅನ್ನುತ್ತದೆ. ಆಮೇಲೆ ಕುಟ್ಟಿ, ಹಳೇ ಪಂಚೆಯ ತುಂಡಿನಲ್ಲಿ ಎರಡು ಸಲ ಜರಡಿ ಹಿಡಿಯಬೇಕು. ಒಂದು ತರಿ ಉಳಿದರೂ ವಸಡಿಗೆ ಚುಚ್ಚುತ್ತದೆ. ಬೆರಳ ನಡುವೆ ಉಜ್ಜಿದರೆ ಅರಿಶಿನದ ಹಾಗೆ ನುಣ್ಣಗಿರಬೇಕು. ಉಪ್ಪಿಗೂ ಇದೇ ಲೆಕ್ಕ. ನಿಂಬೆರಸ ಹಾಕಿ ಅಂತ ಹೇಳುವವರಿದ್ದಾರೆ, ದಯವಿಟ್ಟು ಹಾಕಬೇಡಿ. ಹುಳಿ ಹಲ್ಲಿನ ಮೇಲ್ಪದರವನ್ನೇ ಕರಗಿಸುತ್ತದೆ.

ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಡಿಸೆಂಬರಿನಲ್ಲಿ ಡಬ್ಬಿಗೆ ಚಮಚ ಇಳಿಯುವುದಿಲ್ಲ. ಏಪ್ರಿಲ್‌ನಲ್ಲಿ ಎಣ್ಣೆ ಮೇಲೆ, ಸೋಡಾ ತಳದಲ್ಲಿ, ದಿನಾ ಕಲಸಬೇಕು. ಚಳಿಗಾಲದಲ್ಲಿ ಸಿಂಕಿನಲ್ಲಿ ಉಗಿದರೆ ಪೈಪ್ ಕಟ್ಟಿಕೊಳ್ಳುತ್ತದೆ, ಹಿತ್ತಲಲ್ಲಿ ಉಗಿಯಿರಿ. ಉಳಿತಾಯ ಅಂತ ಮಾಡುವುದಾದರೆ ಬೇಡ. 2025ರಲ್ಲಿ ತಿಪಟೂರಿನಲ್ಲಿ ಕೊಬ್ಬರಿ ಕ್ವಿಂಟಲ್‌ಗೆ 20 ಸಾವಿರ ದಾಟಿತು, ಎಣ್ಣೆಯೂ ಅದರ ಹಿಂದೆಯೇ ಏರಿತು.

ಇದೆಲ್ಲ ಸಣ್ಣಪುಟ್ಟದ್ದು. ನನಗೆ ನಿಜವಾಗಿ ಬೇಜಾರಾಗಿದ್ದು ಫ್ಲೋರೈಡ್ ವಿಷಯದಲ್ಲಿ. ಹೆಚ್ಚಿನ ಅಂಗಡಿ ಪೇಸ್ಟಿನಲ್ಲಿ ಅದಿರುತ್ತದೆ, ಮನೆಯ ಪೇಸ್ಟಿನಲ್ಲಿ ಇಲ್ಲ.

ನಮ್ಮತ್ತೆಯ ತವರು ಪಾವಗಡದ ಕಡೆ. ಅಲ್ಲಿನ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಅಂತ ಎಲ್ಲರಿಗೂ ಗೊತ್ತು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ತನಕ ಇದ್ದರೆ ನಡೆಯುತ್ತದೆ, ಬೇರೆ ನೀರೇ ಇಲ್ಲದ ಕಡೆ 1.5 ತನಕ. ಅದನ್ನು ಮೀರಿದ ನೀರು ಕುಡಿದು ಬೆಳೆದವರು ನಮ್ಮತ್ತೆ, ಅವರ ಅಣ್ಣ ತಮ್ಮಂದಿರು. ಎಲ್ಲರ ಹಲ್ಲಿನ ಮೇಲೂ ಅಡ್ಡಡ್ಡ ಕಂದು ಗೆರೆ. ಹಾಗಾಗಿ ನಮ್ಮ ಮನೆಯಲ್ಲಿ ಫ್ಲೋರೈಡ್ ಅಂದರೇ ಭಯ. ಪೇಸ್ಟ್ ಮನೆಯಲ್ಲೇ ಮಾಡೋಣ ಅಂತ ಶುರುವಾಗಿದ್ದೂ ಈ ಭಯದಿಂದಲೇ.

ಮೊನ್ನೆ ಮೊನ್ನೆ ಮಗಳ ದವಡೆ ಹಲ್ಲಿನಲ್ಲಿ, ವಸಡಿನ ಅಂಚಿಗೆ, ಬಿಳಿ ಮಚ್ಚೆ ಕಂಡಿತು. ಒದ್ದೆಯಿದ್ದಾಗ ಕಾಣುವುದಿಲ್ಲ, ಬಟ್ಟೆಯಲ್ಲಿ ಒರೆಸಿದರೆ ಸೀಮೆಸುಣ್ಣದ ಬಿಳುಪು. "ಇದೂ ನಮ್ಮೂರ ನೀರಿನ ಕಲೆನೇ ಇರ್ಬೇಕು ಕಣೇ," ಅಂದರು ಅತ್ತೆ. ಹಲ್ಲಿನ ಡಾಕ್ಟರಮ್ಮ ನೋಡಿ, ಅಲ್ಲ, ಇದು ಹುಳುಕಿನ ಮೊದಲ ಹಂತ ಅಂದರು. ನೀರಿನ ಕಲೆ ಬರುವುದು ದವಡೆಯೊಳಗೆ ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ, ಹೊಟ್ಟೆಗೆ ಹೋದ ಫ್ಲೋರೈಡಿನಿಂದ. ಹಲ್ಲುಜ್ಜಿ ಉಗಿಯುವ ಪೇಸ್ಟಿನ ಫ್ಲೋರೈಡ್ ಹಲ್ಲಿನ ಮೇಲ್ಮೈಯಲ್ಲಷ್ಟೇ ಕೆಲಸ ಮಾಡುತ್ತದೆ, ಹುಳಿಗೆ ಸವೆದ ಜಾಗವನ್ನು ಮತ್ತೆ ಗಟ್ಟಿ ಮಾಡುತ್ತದೆ.

ಇನ್ನೊಂದು ಮಾತು ಕೇಳಿದರು: "ಮನೆಗೆ ಯಾವ ನೀರು?" ಕ್ಯಾನ್ ನೀರು. ಊರೂರಿನ ಶುದ್ಧ ನೀರಿನ ಘಟಕದ ಆರ್‌ಒ ಯಂತ್ರ ಫ್ಲೋರೈಡನ್ನು ಬಹುಪಾಲು ತೆಗೆದುಬಿಡುತ್ತದೆ. ಅಂದರೆ ನನ್ನ ಮಗಳಿಗೆ ನೀರಿನಿಂದಲೂ ಇಲ್ಲ, ಪೇಸ್ಟಿನಿಂದಲೂ ಇಲ್ಲ. ಸೋಡಾ ಹುಳಿಯನ್ನು ತಣಿಸುತ್ತದೆ, ಲವಂಗ ನೋವನ್ನು ಮರಗಟ್ಟಿಸುತ್ತದೆ, ಆದರೆ ಸವೆದ ಹಲ್ಲನ್ನು ಇವೆರಡೂ ಫ್ಲೋರೈಡಿನ ಹಾಗೆ ಸರಿ ಮಾಡಲಾರವು. ರಾಸಾಯನಿಕ ಇಲ್ಲ, ಮಕ್ಕಳಿಗೂ ಕೊಡಿ ಅಂತ ಈ ಪಾಕ ಹಂಚುವವರು ಈ ಮಾತನ್ನು ಯಾಕೆ ಹೇಳುವುದಿಲ್ಲ? ನನಗೆ ಸಿಟ್ಟಿರುವುದು ಇದಕ್ಕೇ.

ಈಗ ಮಗಳಿಗೆ 1000 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಸಾವಿರ ಭಾಗ) ಫ್ಲೋರೈಡ್ ಇರುವ ಪೇಸ್ಟ್, ಬಟಾಣಿ ಕಾಳಿನಷ್ಟು, ದಿನಕ್ಕೆ ಎರಡು ಸಲ. ಮೂರು ವರ್ಷದೊಳಗಿನ ಮಕ್ಕಳಿಗಾದರೆ ಅಕ್ಕಿ ಕಾಳಿನಷ್ಟು ಸಾಕು. ನುಂಗದ ಹಾಗೆ ಪಕ್ಕದಲ್ಲೇ ನಿಂತಿರುತ್ತೇನೆ. ಮಚ್ಚೆ ಇನ್ನೂ ಗುಳಿ ಬಿದ್ದಿಲ್ಲ, ಈ ಹಂತದಲ್ಲಿ ಹುಳುಕು ಹಿಂದೆ ಸರಿಯಬಹುದಂತೆ. ನಾನೂ ರಾತ್ರಿ ಅದನ್ನೇ ಬಳಸುತ್ತೇನೆ, ಉಜ್ಜಿ ಉಗಿದು ಬಾಯಿ ಮುಕ್ಕಳಿಸದೆ ಮಲಗುತ್ತೇನೆ. ಬೆಳಗ್ಗೆ ಕಾಫಿಗೆ ಮುಂಚೆ ಮಾತ್ರ ಮನೆಯ ಪೇಸ್ಟ್. ಸ್ವಲ್ಪ ಸ್ವಲ್ಪವೇ ಮಾಡಿಟ್ಟುಕೊಳ್ಳಿ, ಒದ್ದೆ ಬ್ರಷ್ ಡಬ್ಬಿಗೆ ಅದ್ದಬೇಡಿ.