ಎರಡು ಕಂಪ್ಯೂಟರ್, ಒಂದು ಕೀಬೋರ್ಡ್: ತಡ ಎಲ್ಲಿ ಕಡಿಮೆ?

ನನ್ನ ಲ್ಯಾಪ್‌ಟಾಪ್‌ನಲ್ಲಿ ರೀಪರ್ ಅನ್ನುವ ಸಂಗೀತ ರೆಕಾರ್ಡಿಂಗ್ ಸಾಫ್ಟ್‌ವೇರ್ ಓಡುತ್ತದೆ. ಪಿಯಾನೋ, ಸ್ಟ್ರಿಂಗ್ಸ್‌ನಂಥ ಭಾರದ ಲೈಬ್ರರಿಗಳೆಲ್ಲ (ವಾದ್ಯಗಳ ಸದ್ದಿನ ಸಂಗ್ರಹಗಳು) ಪಕ್ಕದ ಡೆಸ್ಕ್‌ಟಾಪ್‌ನಲ್ಲಿವೆ. ಸಂಗೀತದ ಕೀಬೋರ್ಡ್‌ನಲ್ಲಿ ಕೀ ಒತ್ತುವುದು ಇಲ್ಲಿ, ಸದ್ದು ಹುಟ್ಟುವುದು ಅಲ್ಲಿ, ಕೇಳಬೇಕಾದ್ದು ಮತ್ತೆ ಇಲ್ಲಿ. ಕೀ ಒತ್ತಿದ ಮೇಲೆ ಸದ್ದು ಕೇಳಲು ಆಗುವ ತಡ ಎಲ್ಲಿ ಕಡಿಮೆ ಅಂತ, ಈ ಓಡಾಟಕ್ಕೆ ನಾಲ್ಕು ದಾರಿ ಹಿಡಿದು ನೋಡಿದೆ.

ವೈಫೈ ಬೇಡ. ತಡ ಜಾಸ್ತಿ ಅನ್ನುವುದಕ್ಕಿಂತ, ಅದು ಒಂದೇ ಸಮ ಇರುವುದಿಲ್ಲ. ಒಂದೇ ಸಮ ಇರುವ ತಡಕ್ಕೆ ಬೆರಳು ಒಗ್ಗಿಕೊಳ್ಳುತ್ತದೆ, ಕುಣಿಯುವ ತಡಕ್ಕೆ ಒಗ್ಗುವುದಿಲ್ಲ.

ಆಮೇಲೆ ಎರಡಕ್ಕೂ ನಡುವೆ ನೇರವಾಗಿ ಗಿಗಾಬಿಟ್ ಕೇಬಲ್ ಹಾಕಿ ರಿಯಾಸ್ಟ್ರೀಮ್ ಹಚ್ಚಿದೆ. ಇದು ರೀಪರ್‌ನವರದ್ದೇ ಉಚಿತ ಪ್ಲಗಿನ್ (ಸಾಫ್ಟ್‌ವೇರ್ ಒಳಗೆ ಸೇರಿಸುವ ಪುಟ್ಟ ಪ್ರೋಗ್ರಾಂ). ಒಂದು ಕಡೆ ಕಳಿಸಲು, ಇನ್ನೊಂದು ಕಡೆ ಪಡೆಯಲು ಇಟ್ಟು, ಎರಡಕ್ಕೂ ಒಂದೇ ಹೆಸರು ಕೊಟ್ಟರೆ ಸಾಕು, ಸದ್ದು ಹರಿಯುತ್ತದೆ. ತೊಂದರೆ ಗಡಿಯಾರದ್ದು. ಎರಡು ಸೌಂಡ್‌ಕಾರ್ಡ್‌ಗಳೂ ಸೆಕೆಂಡಿಗೆ 48,000 ಸ್ಯಾಂಪಲ್ (ಸದ್ದಿನ ಅಳತೆಗಳು) ಅಂತಲೇ ಹೇಳುತ್ತವೆ, ಆದರೆ ಒಂದು ಕೂದಲೆಳೆಯಷ್ಟು ಮುಂದೆ ಓಡುತ್ತದೆ. ಸ್ವಲ್ಪ ಹೊತ್ತಿಗೆ 'ಟಿಕ್' ಅನ್ನುತ್ತದೆ. ಐಡಿಯಾ ಕೇಳಿಸಿಕೊಳ್ಳಲು ಪರವಾಗಿಲ್ಲ, ರೆಕಾರ್ಡಿಂಗ್‌ಗೆ ಆಗದು.

ವಿಯೆನ್ನಾ ಆನ್ಸಾಂಬಲ್ ಪ್ರೊ ಅನ್ನುವ ಸಾಫ್ಟ್‌ವೇರ್ ಈ ಜಗಳವನ್ನೇ ತೆಗೆದುಹಾಕುತ್ತದೆ. ಡೆಸ್ಕ್‌ಟಾಪ್‌ಗೆ ಸೌಂಡ್‌ಕಾರ್ಡೇ ಬೇಡ. ರೀಪರ್ ಕೇಳಿದಾಗ ಅದು ಲೆಕ್ಕ ಮಾಡಿ ಕೊಡುತ್ತದೆ, ಅಷ್ಟೇ. ತಡ ಬಫರ್‌ಗಳ, ಅಂದರೆ ಒಮ್ಮೆಗೆ ಒಟ್ಟುಮಾಡಿ ಕಳಿಸುವ ಸದ್ದಿನ ಕಂತುಗಳ ಲೆಕ್ಕದಲ್ಲಿ ಬರುತ್ತದೆ. 256 ಸ್ಯಾಂಪಲ್ ಅಂದರೆ 5.3 ಮಿಲಿಸೆಕೆಂಡ್. ಪ್ಲಗಿನ್‌ನಲ್ಲಿ 2 ಬಫರ್ ಇಟ್ಟರೆ 10.7 ಹೆಚ್ಚುವರಿ. ನಾನು 128ಕ್ಕೆ ಇಳಿಸಿ 1 ಬಫರ್ ಮಾಡಿದೆ, ಹೆಚ್ಚುವರಿ 2.7ಕ್ಕೆ ಬಂತು.

ಬಂತು, ಜೊತೆಗೆ ಚಟಪಟ ಸದ್ದೂ ಬಂತು. ಕೇಬಲ್ ಮೇಲೆ ಅನುಮಾನ ಬಿದ್ದು ಎರಡು ಸಲ ಬದಲಿಸಿದೆ. ಕೇಬಲ್ ಪಾಪ, ಏನೂ ಮಾಡಿರಲಿಲ್ಲ! ನೆಟ್‌ವರ್ಕ್ ಕಾರ್ಡ್‌ನ ಎನರ್ಜಿ ಎಫಿಶಿಯೆಂಟ್ ಈಥರ್ನೆಟ್ ಸೆಟ್ಟಿಂಗ್ ಕರೆಂಟ್ ಉಳಿಸಲು ನಡುನಡುವೆ ತೂಕಡಿಸುತ್ತಿತ್ತು. ಅದನ್ನು ಆಫ್ ಮಾಡಿ, ಲ್ಯಾಪ್‌ಟಾಪ್‌ನ ಪವರ್ ಪ್ಲಾನ್ ಏರಿಸಿದ ಮೇಲೆ ನಿಂತಿತು. ವೇಗದ ಕೊರತೆಯಂತೂ ಅಲ್ಲ: 32 ಬಿಟ್‌ನ ಒಂದು ಚಾನೆಲ್‌ಗೆ ಸುಮಾರು 1.5 ಮೆಗಾಬಿಟ್ ಬೇಕು, 64 ಚಾನೆಲ್ ಸೇರಿದರೂ 100ರ ಆಸುಪಾಸು.

ಕೊನೆಯದು ನೆಟ್‌ವರ್ಕೇ ಅಲ್ಲ. ಎರಡು ಇಂಟರ್‌ಫೇಸ್‌ಗಳ (ಹೊರಗಿನ ಸೌಂಡ್‌ಕಾರ್ಡ್‌ಗಳ) ನಡುವೆ ಅಡಾಟ್, ಅಂದರೆ ಡಿಜಿಟಲ್ ಸದ್ದನ್ನು ಬೆಳಕಿನಲ್ಲಿ ಸಾಗಿಸುವ ಆಪ್ಟಿಕಲ್ ಕೇಬಲ್, ಒಂದರ ಗಡಿಯಾರವನ್ನೇ ಇನ್ನೊಂದು ಹಿಂಬಾಲಿಸುವಂತೆ ಸೆಟ್ಟಿಂಗ್. ಮಿಡಿಗೆ (ಯಾವ ಕೀ ಒತ್ತಿದೆ ಅಂತ ಹೇಳುವ ಸಂಕೇತಕ್ಕೆ) ಬೇರೆ ಕೇಬಲ್. ಡೆಸ್ಕ್‌ಟಾಪ್‌ನಲ್ಲಿ 64 ಸ್ಯಾಂಪಲ್ ಇಟ್ಟರೆ ಬಫರ್ ತಡ 1.3 ಮಿಲಿಸೆಕೆಂಡ್. ಆ ಸದ್ದನ್ನು ಲ್ಯಾಪ್‌ಟಾಪ್‌ನ ಇಂಟರ್‌ಫೇಸ್ ಮಿಕ್ಸರ್‌ನಲ್ಲೇ ಕೇಳಿಸಿಕೊಳ್ಳುತ್ತೇನೆ. ರೀಪರ್‌ನ ಬಫರ್ ಎಷ್ಟಿದ್ದರೂ ಬೆರಳಿಗೆ ಗೊತ್ತಾಗುವುದಿಲ್ಲ. ಪಿಯಾನೋ ನುಡಿಸಲು ಇದರ ಮುಂದೆ ಉಳಿದವು ನಿಲ್ಲಲಿಲ್ಲ. ಆದರೆ 48 ಕಿಲೋಹರ್ಟ್ಜ್‌ನಲ್ಲಿ 8 ಚಾನೆಲ್ ಮಾತ್ರ, 96ರಲ್ಲಿ 4. ಹಾಡನ್ನು ಬೇಗ ರೆಂಡರ್ ಮಾಡೋಣ (ನುಡಿಸಿ ಕಾಯದೆ ಫೈಲ್ ಮಾಡೋಣ) ಅಂದರೂ ಆಗದು, ಪೂರ್ತಿ ಓಡಿಸಿ ರೆಕಾರ್ಡ್ ಮಾಡಬೇಕು.

ಹಾಗಾಗಿ ಪಿಯಾನೋ ಅಡಾಟ್‌ನಲ್ಲಿ, ಸ್ಟ್ರಿಂಗ್ಸ್ ವಿಯೆನ್ನಾದಲ್ಲಿ ಇಟ್ಟಿದ್ದೇನೆ. ಸ್ಟ್ರಿಂಗ್ಸ್ ಹೇಗೂ ನಿಧಾನಕ್ಕೆ ಏಳುವ ಸದ್ದು, ಅಲ್ವಾ? ಮಿಕ್ಸ್ ಮಾಡುವಾಗ ಅದರ ಬಫರ್ ಮತ್ತೆ 2ಕ್ಕೆ ಏರಿಸುತ್ತೇನೆ. ಆಗ ನುಡಿಸುವುದು ಮುಗಿದಿರುತ್ತದೆ, ಉಳಿದ ತಡವನ್ನು ರೀಪರ್ ತಾನೇ ಹೊಂದಿಸಿಕೊಳ್ಳುತ್ತದೆ.