ಬೇವೋ, ಹೊಂಗೆಯೋ, ಅಡುಗೆ ಎಣ್ಣೆಯೋ?

ಬೆಂಗಳೂರಿನ ನಮ್ಮ ತಾರಸಿಯಲ್ಲಿ ಹನ್ನೆರಡು ಗುಲಾಬಿ ಕುಂಡಗಳಿವೆ. ಹೋದ ಮಾರ್ಚ್‌ನಲ್ಲಿ ಚಿಗುರೆಲ್ಲ ಮುರುಟಿಕೊಂಡಿತು, ಮೊಗ್ಗಿನ ಅಂಚು ಕಂದಿತು. ಒಂದು ಹೂವನ್ನು ಬಿಳಿ ಕಾಗದದ ಮೇಲೆ ಕೊಡವಿದೆ. ದಾರದ ಎಳೆಯಷ್ಟು ಸಣ್ಣ ಹುಳುಗಳು ಓಡಾಡಿದವು. ಥ್ರಿಪ್ಸ್. ಜೊತೆಗೆ ಕಾಂಡದ ಸಂದಿಯಲ್ಲಿ ಹಿಟ್ಟು ತಿಗಣೆ, ಮೊಗ್ಗಿನ ಕೆಳಗೆ ಹೇನು. ಪೂರ್ತಿ ಸಂಸಾರವೇ ಇತ್ತು.

ಹೇಗೂ ಎಲ್ಲವೂ ಇದೆ ಅಂತ ನಾಲ್ಕು ನಾಲ್ಕು ಕುಂಡ ಬೇರೆ ಮಾಡಿ ಮೂರು ಎಣ್ಣೆ ಹೊಡೆದು ನೋಡಿದೆ. ವಾರಕ್ಕೊಮ್ಮೆ, ಎರಡು ತಿಂಗಳು. ಗಾಣದ ಬೇವಿನ ಎಣ್ಣೆ ಮತ್ತು ಹೊಂಗೆ ಎಣ್ಣೆ ಲೀಟರ್ ನೀರಿಗೆ 5 ಎಂಎಲ್. ಅಡುಗೆಮನೆಯ ಸೂರ್ಯಕಾಂತಿ ಎಣ್ಣೆ 10 ಎಂಎಲ್.

ಮೊದಲ ವಾರವೇ ಎಡವಟ್ಟು. ಎಣ್ಣೆಯನ್ನು ಸೀದಾ ನೀರಿಗೆ ಸುರಿದೆ. ಅದು ಮೇಲೆ ತೇಲಿತು, ಕೊನೆಗೆ ಉಳಿದ ಎಣ್ಣೆಯೆಲ್ಲ ಎರಡೇ ಗಿಡಕ್ಕೆ ಬಿತ್ತು. ಅದೂ ಬೆಳಗ್ಗೆ ಹನ್ನೊಂದಕ್ಕೆ. ಸಂಜೆ ಹೊತ್ತಿಗೆ ಎಲೆ ಸುಟ್ಟ ಹಾಗೆ ಆಗಿತ್ತು. ಆಮೇಲೆ ಕ್ರಮ ಬದಲಾಯಿಸಿದೆ. ನೆನೆಸಿದ ಅಂಟುವಾಳದ ನೀರಿನಲ್ಲಿ ಎಣ್ಣೆ ಹಾಕಿ, ಮಜ್ಜಿಗೆ ಥರ ಬೆಳ್ಳಗಾಗುವ ತನಕ ಕಡೆಯಬೇಕು, ಆಮೇಲೆ ಉಳಿದ ನೀರು. ಹೊಡೆಯುವುದು ಸಂಜೆ, ಜೇನುನೊಣಗಳು ಹೋದ ಮೇಲೆ. ಎಲೆಯ ಹಿಂಬದಿಗೇ ಜಾಸ್ತಿ.

ಸೂರ್ಯಕಾಂತಿ ಎಣ್ಣೆಯನ್ನು ನಾನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಆದರೆ ಹೇನಿಗೆ ಮೂರರಲ್ಲಿ ಎಲ್ಲಕ್ಕಿಂತ ಬೇಗ ಕೆಲಸ ಮಾಡಿದ್ದು ಅದೇ. ಮರುದಿನವೇ ಸತ್ತು ಅಂಟಿಕೊಂಡಿದ್ದವು. ಎಣ್ಣೆ ಮೈಗೆ ಮೆತ್ತಿಕೊಂಡು ಉಸಿರು ಕಟ್ಟುತ್ತದೆ, ಅಷ್ಟೇ ಅದರ ವಿದ್ಯೆ. ಒಣಗಿದ ಮೇಲೆ ಬಂದ ಹುಳುವಿಗೆ ಏನೂ ಆಗುವುದಿಲ್ಲ. ವಾರ ತುಂಬುವುದರೊಳಗೆ ಹೇನು ಮತ್ತೆ ಹಾಜರ್.

ಬೇವು ತದ್ವಿರುದ್ಧ. ಮೊದಲ ಹತ್ತು ದಿನ ಸುಮ್ನೆ ದುಡ್ಡು ದಂಡ ಅನ್ನಿಸಿತು. ಅದರಲ್ಲಿರುವ ಅಜಾಡಿರಾಕ್ಟಿನ್ ಹುಳುವನ್ನು ತಕ್ಷಣ ಕೊಲ್ಲುವುದಿಲ್ಲ. ಮರಿ ಪೊರೆ ಬಿಡದ ಹಾಗೆ ಮಾಡುತ್ತದೆ, ಎಲೆ ರುಚಿಸದ ಹಾಗೆ ಮಾಡುತ್ತದೆ. ನಾಲ್ಕನೇ ವಾರಕ್ಕೆ ಹೊಸ ಚಿಗುರು ನೇರವಾಗಿ ಬಂತು. ಆಗತಾನೇ ಕಾಣಿಸಿದ್ದ ಬೂದಿ ರೋಗವೂ ಹರಡಲಿಲ್ಲ. ಕಪ್ಪು ಚುಕ್ಕೆಗೆ ಮಾತ್ರ ನನ್ನ ಗಿಡಗಳಲ್ಲಿ ಏನೂ ಮಾಡಲಿಲ್ಲ, ಆ ಎಲೆ ಕಿತ್ತು ಎಸೆದಿದ್ದೇ ಮದ್ದು. ಬೇವಿನ ಕಷ್ಟ ಎರಡು: ವಾಸನೆಗೆ ಪಕ್ಕದ ಮನೆಯವರು ಕಿಟಕಿ ಹಾಕಿಕೊಳ್ಳುತ್ತಾರೆ, ಡಿಸೆಂಬರ್ ಚಳಿಗೆ ಬಾಟಲಿಯಲ್ಲೇ ಗಟ್ಟಿಯಾಗುತ್ತದೆ. ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಇಡಿ ಸಾಕು, ಒಲೆ ಮೇಲೆ ಇಡಬೇಡಿ.

ಹೊಂಗೆ ಎಣ್ಣೆಯನ್ನು ಅತ್ತೆ ತುಮಕೂರಿನಿಂದ ತಂದಿದ್ದರು. "ನಾವು ಇದರಲ್ಲಿ ದೀಪ ಹಚ್ತಿದ್ವಿ, ನೀನು ಗಿಡಕ್ಕೆ ಹಚ್ಚು" ಅಂದರು. ಹಿಟ್ಟು ತಿಗಣೆಗೆ ಇದೇ ಗೆದ್ದಿತು. ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಕಾಂಡ ಉಜ್ಜಿ ಆಮೇಲೆ ಹೊಡೆದೆ, ಮೂರು ಸಲಕ್ಕೆ ಕಾಂಡ ಸ್ವಚ್ಛ. ಥ್ರಿಪ್ಸ್‌ಗೆ ಬೇವಿನಷ್ಟು ಹಿಡಿತ ಇಲ್ಲ. ಗೋಡೆ ಮೇಲೆ ಬಿದ್ದರೆ ಕಂದು ಕಲೆ ಹೋಗುವುದಿಲ್ಲ, ನಮ್ಮ ಮನೆಯಲ್ಲಿ ಇನ್ನೂ ಇದೆ.

"ಎಣ್ಣೆ ಹೊಡೆದರೆ ಗಿಡಕ್ಕೆ ಪುಷ್ಟಿ" ಅಂತ ಕೇಳಿದ್ದೆ. ಎಲೆಗೆ ಹೊಳಪು ಬರುತ್ತದೆ, ಹೊಟ್ಟೆ ತುಂಬುವುದಿಲ್ಲ. ಊಟ ಇರುವುದು ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯಲ್ಲಿ. ಬೇವಿನ ಹಿಂಡಿಯಲ್ಲಿ ಸಾರಜನಕ ಸುಮಾರು 5%, ಹೊಂಗೆ ಹಿಂಡಿಯಲ್ಲಿ 4%ರ ಹತ್ತಿರ, ಕಡಲೆಕಾಯಿ ಹಿಂಡಿಯಲ್ಲಿ 7%. ಕಡಲೆಕಾಯಿ ಹಿಂಡಿ ಹಾಕಿದ ಕುಂಡಕ್ಕೆ ಇರುವೆ, ಇಲಿ ಎರಡೂ ಬಂದವು. ಹರಳು ಹಿಂಡಿ ನಾಯಿ ಇರುವ ಮನೆಗೆ ಬೇಡವೇ ಬೇಡ, ತಿಂದರೆ ಪ್ರಾಣಕ್ಕೆ ಅಪಾಯ. ಬೇವಿನ ಹಿಂಡಿಗೆ ಇನ್ನೊಂದು ಲಾಭವೂ ಇದೆ. ಥ್ರಿಪ್ಸ್ ಮರಿಗಳಲ್ಲಿ ಬಹಳಷ್ಟು ಕೋಶವಾಗಲು ಮಣ್ಣಿಗೇ ಇಳಿಯುತ್ತವೆ. ಎಲೆಗೆ ಹೊಡೆದ ಎಣ್ಣೆ ಅಲ್ಲಿಗೆ ತಲುಪುವುದಿಲ್ಲ ಅಲ್ವಾ? ಮಣ್ಣಿಗೆ ಹಾಕಿದ ಹಿಂಡಿ ಅಲ್ಲೇ ಇರುತ್ತದೆ.

ಈಗ ಸೂರ್ಯಕಾಂತಿ ಎಣ್ಣೆ ಒಗ್ಗರಣೆಗೆ ವಾಪಸ್ ಹೋಗಿದೆ. ಹದಿನೈದು ದಿನಕ್ಕೊಮ್ಮೆ ಬೇವು, ಹಿಟ್ಟು ತಿಗಣೆ ಕಂಡ ಗಿಡಕ್ಕೆ ಮಾತ್ರ ಹೊಂಗೆ, ತಿಂಗಳಿಗೊಮ್ಮೆ ಕುಂಡಕ್ಕೆ ಒಂದು ಹಿಡಿ ಬೇವಿನ ಹಿಂಡಿ. ಬೂದಿ ರೋಗಕ್ಕೆ ಗಂಧಕ ಹೊಡೆಯುವವರು ಎಣ್ಣೆಗೂ ಅದಕ್ಕೂ ಎರಡು ವಾರ ಅಂತರ ಬಿಡಿ, ಇಲ್ಲದಿದ್ದರೆ ಎಲೆ ಸುಡುತ್ತದೆ.