ತಳ ಗಟ್ಟಿ ಇರುವ ಸಿಂಬಲ್ ಬ್ಯಾಗ್, ಕೊನೆಗೂ

ಹಾಸನದಲ್ಲಿ ಆರ್ಕೆಸ್ಟ್ರಾಗೆ ಡ್ರಮ್ಸ್ ಬಾರಿಸುತ್ತೇನೆ. ಮೊದಲು ತಗೊಂಡ ಅಗ್ಗದ ಬ್ಯಾಗ್ ಒಂದೇ ಜಾತ್ರೆ ಸೀಸನ್ನಿಗೆ ಹರಿಯಿತು. ಸಿಂಬಲ್ ಅಂದ್ರೆ ಡ್ರಮ್ಸ್ ಜೊತೆ ಬಾರಿಸುವ ಕಂಚಿನ ತಟ್ಟೆ, ಅದರ ಅಂಚು ತಳದ ಹೊಲಿಗೆಯನ್ನೇ ಕೊಯ್ದಿತ್ತು. ಸಕಲೇಶಪುರ ಬಸ್ ಸ್ಟ್ಯಾಂಡಿನಲ್ಲಿ ಹೈ-ಹ್ಯಾಟ್ (ಜೋಡಿ ಸಿಂಬಲ್) ಠಣ್ ಅಂತ ನೆಲಕ್ಕೆ! ಟೀ ಕುಡಿಯುತ್ತಿದ್ದವರೆಲ್ಲ ತಿರುಗಿ ನೋಡಿದರು.

ಈಗಿನದು 22 ಇಂಚಿನದು. ನನ್ನ ದೊಡ್ಡ ಸಿಂಬಲ್, ಅಂದ್ರೆ ರೈಡ್, 20 ಇಂಚು, ಆರಾಮಾಗಿ ಕೂರುತ್ತದೆ. ತಳಕ್ಕೆ ದಪ್ಪ ರಬ್ಬರ್ ಪಟ್ಟಿ ಹೊಲಿದಿದ್ದಾರೆ, ನನಗೆ ಬೇಕಿದ್ದದ್ದೇ ಅದು. ಒಳಗೆ ಮೆತ್ತನೆಯ ಅಡ್ಡಬಟ್ಟೆಗಳಿವೆ, ಒಂದಕ್ಕೊಂದು ಉಜ್ಜಿ ಗೀರು ಬೀಳುವುದಿಲ್ಲ. ಭುಜದ ಪಟ್ಟಿ ಮಾತ್ರ ತೆಳು. ಎರಡು ಕ್ರ್ಯಾಶ್ ಸಿಂಬಲ್ ಸೇರಿ ಐದು ಕಂಚಿನ ತಟ್ಟೆ ಹೊರುವುದು ಅಂದ್ರೆ ಸುಮ್ನೆ ಅಲ್ಲ, ಅಲ್ವಾ? ಜಿಪ್ ಹತ್ತಿರ ಮಳೆನೀರು ಜಿನುಗುತ್ತದೆ. ಅದಕ್ಕೇ ಒಳಗೊಂದು ಪ್ಲಾಸ್ಟಿಕ್ ಕವರ್ ಹಾಕುತ್ತೇನೆ. ಒದ್ದೆಯಾದರೆ ಮನೆಗೆ ಬಂದ ಕೂಡಲೇ ಒರೆಸಿಡಿ, ಇಲ್ಲದಿದ್ದರೆ ಕಂಚಿಗೆ ಹಸಿರು ಕಲೆ ಕಟ್ಟುತ್ತದೆ.